ಮರೆತ ಪಾಸ್‌ವರ್ಡ್ ಯಾರ ಬಳಿಯೂ ಇಲ್ಲ: ಕ್ಲಬ್ ಸದಸ್ಯರಿಗೆ ಲಾಗಿನ್ ಮರಳಿಸುವ ಬಗೆ

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದವೆಂದರೆ ಮಂಗಳೂರಿನ ನಮ್ಮ ಯಕ್ಷಗಾನ ಹವ್ಯಾಸಿ ಕ್ಲಬ್‌ನ ಜಾಲತಾಣಕ್ಕೆ ಜನ ಬರತೊಡಗುತ್ತಾರೆ. ವೇಷವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ಪ್ರಸಂಗ ನಡೆಸುವ ಮಳೆಗಾಲದ ತಾಳಮದ್ದಲೆ ಕೂಟಗಳಿಗೆ ಹೆಸರು ಕೊಡುವುದು ಅಲ್ಲೇ, ಹಳೆಯ ಕೂಟಗಳ ಧ್ವನಿಮುದ್ರಿಕೆಗಳು ಇರುವುದೂ ಅಲ್ಲೇ. ದೀಪಾವಳಿಯಿಂದ ಮೇ ತಿಂಗಳ ತನಕ ಎಲ್ಲರೂ ಯಕ್ಷಗಾನದ ಆಟ ನೋಡುವುದರಲ್ಲಿ ಮುಳುಗಿರುತ್ತಾರೆ. ಆರು ತಿಂಗಳು ಮುಟ್ಟದ ಪಾಸ್‌ವರ್ಡ್ ಯಾರಿಗೆ ತಾನೇ ನೆನಪಿರುತ್ತದೆ? ಜಾಲತಾಣದ ಹೊಣೆ ನನ್ನದಾದ್ದರಿಂದ ಫೋನ್ ನನಗೇ ಬರುತ್ತದೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನನ್ನ ಪಾಸ್‌ವರ್ಡ್ ಏನೆಂದು ಸ್ವಲ್ಪ ನೋಡಿ ಹೇಳುತ್ತೀರಾ?"

ನೋಡಿ ಹೇಳಲು ಅದು ನನ್ನಲ್ಲಿಲ್ಲ. ಜಾಲತಾಣವನ್ನು ಕಟ್ಟಿಕೊಟ್ಟವರಲ್ಲಿಲ್ಲ, ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯಲ್ಲೂ ಇಲ್ಲ. ಹೀಗೆ ಹೇಳಿದಾಗ ಕೆಲವರಿಗೆ ಬೇಸರವಾಗುತ್ತದೆ. ಕೆಲಸ ತಪ್ಪಿಸಿಕೊಳ್ಳಲು ಹೇಳುವ ನೆಪ ಎಂದುಕೊಳ್ಳುತ್ತಾರೆ. ಅದು ನೆಪವಲ್ಲ. ಪಾಸ್‌ವರ್ಡ್ ಯಾರ ಕೈಗೂ ಸಿಗದಂತೆ ಇಡುವುದೇ ಒಳ್ಳೆಯ ಜಾಲತಾಣದ ಲಕ್ಷಣ. ಸದಸ್ಯರಿಗೆ ಸಹಾಯ ಮಾಡುವವರು ಇದೊಂದನ್ನು ಗಟ್ಟಿಯಾಗಿ ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಸರಿದಾರಿಗೆ ಬರುತ್ತದೆ.

ಪಾಸ್‌ವರ್ಡನ್ನು ಇದ್ದ ಹಾಗೆಯೇ ಬರೆದಿಟ್ಟರೆ ಏನಾಗುತ್ತದೆ ಎಂಬುದು ಕಂಪ್ಯೂಟರ್ ಲೋಕಕ್ಕೆ ಬಹಳ ಬೇಗ ತಿಳಿಯಿತು. 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಕಟ್ಟಿದರು. ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಇತ್ತು. ಎಲ್ಲವೂ ಒಂದೇ ಕಡತದಲ್ಲಿ, ಯಾರು ತೆರೆದರೂ ಓದಬಹುದಾದ ಅಕ್ಷರಗಳಲ್ಲಿ ಇದ್ದವು. ಒಂದು ದಿನ ಇಬ್ಬರು ಒಂದೇ ಹೊತ್ತಿಗೆ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾಗಿ, ದಿನದ ಪ್ರಕಟಣೆ ಇರಬೇಕಾದ ಜಾಗಕ್ಕೆ ಪಾಸ್‌ವರ್ಡ್ ಪಟ್ಟಿ ಬಂದು ಕುಳಿತಿತು. ಆಮೇಲೆ ಲಾಗಿನ್ ಆದ ಪ್ರತಿಯೊಬ್ಬರ ಮುಂದೆಯೂ ಎಲ್ಲರ ಪಾಸ್‌ವರ್ಡ್‌ಗಳು ಮೂಡತೊಡಗಿದವು. ಅಲ್ಲಿ ಕಳ್ಳರು ಯಾರೂ ಇರಲಿಲ್ಲ, ದುರುದ್ದೇಶವೂ ಇರಲಿಲ್ಲ. ಓದಬಹುದಾದ ಪಟ್ಟಿ ಎಂಬುದೊಂದು ಇತ್ತು, ಅದು ಹೊರಬಿತ್ತು, ಅಷ್ಟೆ.

ಆದ್ದರಿಂದ ಇಂದಿನ ಜಾಲತಾಣಗಳು ಪಾಸ್‌ವರ್ಡನ್ನು ಇಟ್ಟುಕೊಳ್ಳುವುದಿಲ್ಲ. ಅದನ್ನು ಒಂದು ಗಣಿತಕ್ರಿಯೆಗೆ ಒಳಪಡಿಸಿ, ಬಂದ ಫಲವನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಈ ಫಲಕ್ಕೆ ಹ್ಯಾಶ್ ಎನ್ನುತ್ತಾರೆ. ಕಾಯಿ, ಮೆಣಸು, ಕೊತ್ತಂಬರಿ ಸೇರಿಸಿ ನುಣ್ಣಗೆ ಅರೆದ ಮಸಾಲೆಯಿಂದ ಕಾಯಿಯನ್ನು ಮರಳಿ ತೆಗೆಯಲು ಬರುವುದಿಲ್ಲ. ಅದೇ ಸಾಮಾನನ್ನು ಅದೇ ಅಳತೆಯಲ್ಲಿ ಮತ್ತೆ ಅರೆದು, ಎರಡೂ ಒಂದೇ ಆಗಿದೆಯೇ ಎಂದು ಹೋಲಿಸಿ ನೋಡಬಹುದು. ಲಾಗಿನ್ ಆಗುವಾಗ ನಡೆಯುವುದೂ ಅದೇ: ನೀವು ಈಗ ಟೈಪ್ ಮಾಡಿದ್ದನ್ನು ಜಾಲತಾಣ ಮತ್ತೆ ಅದೇ ಕ್ರಿಯೆಗೆ ಒಳಪಡಿಸುತ್ತದೆ, ಬಂದ ಫಲವನ್ನು ತನ್ನಲ್ಲಿರುವುದರೊಂದಿಗೆ ಹೋಲಿಸುತ್ತದೆ. ಒಂದಕ್ಷರ ವ್ಯತ್ಯಾಸವಾದರೂ ಇಡೀ ಫಲ ಗುರುತೇ ಸಿಗದಂತೆ ಬದಲಾಗುತ್ತದೆ. ಹಾಗಾಗಿ "ಬಹುತೇಕ ಸರಿ ಇದೆ, ಕೊನೆಯ ಅಂಕಿ ಮಾತ್ರ ತಪ್ಪು" ಎಂದು ಹೇಳುವ ಶಕ್ತಿ ಜಾಲತಾಣಕ್ಕೇ ಇರುವುದಿಲ್ಲ.

1979ರಲ್ಲಿ ಯೂನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಪ್ರಕಟಿಸಿದ ಪ್ರಬಂಧ ಇನ್ನೊಂದು ಹೆಜ್ಜೆಯನ್ನು ವಿವರಿಸಿತು. ಇಬ್ಬರು ಸದಸ್ಯರ ಪಾಸ್‌ವರ್ಡ್ ಒಂದೇ ಆಗಿದ್ದರೆ ಹ್ಯಾಶ್ ಕೂಡ ಒಂದೇ ಆಗಿ, ಒಂದು ಬಯಲಾದರೆ ಇನ್ನೊಂದೂ ಬಯಲಾಗುತ್ತದೆ. ಇದನ್ನು ತಪ್ಪಿಸಲು ಪ್ರತಿ ಖಾತೆಗೂ ಸಾಲ್ಟ್ ಎಂಬ ಬೇರೆ ಬೇರೆ ಯಾದೃಚ್ಛಿಕ ಅಂಶವನ್ನು ಸೇರಿಸಿ ಹ್ಯಾಶ್ ಮಾಡುತ್ತಾರೆ. 1999ರಲ್ಲಿ ಬಂದ ಬಿಕ್ರಿಪ್ಟ್ ವಿಧಾನ ಈ ಕ್ರಿಯೆಯನ್ನು ಬೇಕೆಂದೇ ನಿಧಾನಗೊಳಿಸಿತು. ಲಾಗಿನ್ ಆಗುವ ಒಬ್ಬರಿಗೆ ಆ ವಿಳಂಬ ಗೊತ್ತೇ ಆಗುವುದಿಲ್ಲ, ಕೋಟಿಗಟ್ಟಲೆ ಊಹೆಗಳನ್ನು ಪರೀಕ್ಷಿಸಲು ಹೊರಟ ಕಳ್ಳನಿಗೆ ಅದೇ ದೊಡ್ಡ ಅಡ್ಡಗೋಡೆ. ಬಹಳಷ್ಟು ಕ್ಲಬ್‌ಗಳ ಜಾಲತಾಣಗಳು ನಿಂತಿರುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಕೂಡ 2025ರ ಏಪ್ರಿಲ್‌ನಲ್ಲಿ ಬಂದ 6.8ನೇ ಆವೃತ್ತಿಯಿಂದ ಬಿಕ್ರಿಪ್ಟ್‌ಗೆ ಬದಲಾಗಿದೆ. ನಿರ್ವಾಹಕನಾಗಿ ದತ್ತಾಂಶದೊಳಗೆ ಇಣುಕಿದರೂ ನನಗೆ ಕಾಣುವುದು ಅರ್ಥವಿಲ್ಲದ ಅಕ್ಷರ, ಅಂಕಿಗಳ ಒಂದು ಉದ್ದನೆಯ ಸಾಲು ಮಾತ್ರ.

ಇದರಿಂದ ಒಂದು ಪರೀಕ್ಷೆಯೂ ಸಿಗುತ್ತದೆ. ಯಾವುದಾದರೂ ಜಾಲತಾಣದಲ್ಲಿ ಮರೆತ ಪಾಸ್‌ವರ್ಡ್ ಕೇಳಿದಾಗ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳಿಸಿಕೊಟ್ಟರೆ ಸಂತೋಷಪಡಬೇಡಿ. ಅದು ನಿಮ್ಮ ಪಾಸ್‌ವರ್ಡನ್ನು ಓದಬಹುದಾದ ರೂಪದಲ್ಲಿ ಇಟ್ಟುಕೊಂಡಿದೆ ಎಂದರ್ಥ. ಅದೇ ಪಾಸ್‌ವರ್ಡನ್ನು ಬೇರೆಲ್ಲಾದರೂ ಬಳಸಿದ್ದರೆ ಅಂದೇ ಬದಲಿಸಿ.

ಮೊದಲು ಫೋನಿನಲ್ಲೇ ಹುಡುಕಿ

ಹೊಸ ಪಾಸ್‌ವರ್ಡ್ ಪಡೆಯುವ ಮೊದಲು ಹಳೆಯದು ನಿಜವಾಗಿಯೂ ಕಳೆದಿದೆಯೇ ಎಂದು ನೋಡುವುದು ಒಳ್ಳೆಯದು. ಎಷ್ಟೋ ಸಲ ಅದು ಸದಸ್ಯರ ಜೇಬಿನಲ್ಲೇ ಇರುತ್ತದೆ.

ಕೂಟದ ನಡುವಿನ ಚಹಾ ವಿರಾಮದಲ್ಲಿ ತಾಳಮದ್ದಲೆಯಲ್ಲಿ ಪಾತ್ರವಾಗಿ ಮಾತನಾಡುವ ಹಿರಿಯ ಅರ್ಥಧಾರಿಯೊಬ್ಬರು ಫೋನ್ ಹಿಡಿದು ಪಕ್ಕದಲ್ಲಿ ಕುಳಿತರೆ ನಾನು ಮಾಡಿಸುವುದು ಇಷ್ಟು. ಕ್ರೋಮ್ ತೆರೆಸುತ್ತೇನೆ. ಮೇಲ್ಗಡೆ ಬಲಕ್ಕಿರುವ ಮೂರು ಚುಕ್ಕೆ ಒತ್ತಿಸಿ, ಸೆಟ್ಟಿಂಗ್ಸ್‌ಗೆ ಹೋಗಿ, ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ಎಂಬಲ್ಲಿಗೆ ಕರೆದೊಯ್ಯುತ್ತೇನೆ. ಅಲ್ಲಿ ಅವರು ಎಂದೋ "ಉಳಿಸಲೇ?" ಎಂಬ ಪ್ರಶ್ನೆಗೆ ಹೌದು ಎಂದು ಒತ್ತಿದ ಜಾಲತಾಣಗಳ ಪಟ್ಟಿಯೇ ಇರುತ್ತದೆ. ನಮ್ಮ ಜಾಲತಾಣದ ಹೆಸರು ಮುಟ್ಟಿದರೆ ಬೆರಳಚ್ಚು ಕೇಳುತ್ತದೆ. ಬೆರಳಿಟ್ಟ ಮೇಲೆ ಬಳಕೆದಾರ ಹೆಸರು ಕಾಣುತ್ತದೆ, ಅದರ ಕೆಳಗೆ ಸಾಲು ಚುಕ್ಕೆಗಳು, ಪಕ್ಕದಲ್ಲೊಂದು ಕಣ್ಣಿನ ಚಿತ್ರ. "ಆ ಕಣ್ಣನ್ನು ಒತ್ತಿ, ನೀವೇ ಓದಿಕೊಳ್ಳಿ" ಎಂದು ಹೇಳಿ ನಾನು ಮುಖ ತಿರುಗಿಸುತ್ತೇನೆ. ಐಫೋನ್ ಆದರೆ 2024ರಲ್ಲಿ ಬಂದ ಐಒಎಸ್ 18ರಿಂದ ಪಾಸ್‌ವರ್ಡ್‌ಗಳಿಗೆಂದೇ ಪ್ರತ್ಯೇಕ ಆ್ಯಪ್ ಇದೆ. ಕೆಲವೊಮ್ಮೆ ಒಂದೇ ಜಾಲತಾಣಕ್ಕೆ ಎರಡು ಹೆಸರು ಉಳಿದಿರುತ್ತವೆ: ಒಂದು ಸರಿಯಾದದ್ದು, ಇನ್ನೊಂದು ಎಂದೋ ತಪ್ಪಾಗಿ ಟೈಪ್ ಮಾಡಿದ್ದು. ಫೋನ್ ಆ ತಪ್ಪು ಹೆಸರನ್ನೇ ಪ್ರತಿಸಲ ತುಂಬುತ್ತಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಆ ತಪ್ಪನ್ನು ಅಳಿಸಿದರೆ ಸಮಸ್ಯೆ ಅಲ್ಲಿಗೆ ಮುಗಿಯಿತು.

ಪಾಸ್‌ವರ್ಡ್ ನೆನಪಿದ್ದೂ ಒಪ್ಪದಿರುವುದಕ್ಕೆ ಇನ್ನೂ ಕೆಲವು ಸಣ್ಣ ಕಾರಣಗಳಿವೆ. ಫೋನಿನ ಕೀಬೋರ್ಡ್ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡಕ್ಷರ ಮಾಡಿರಬಹುದು. ವಾಟ್ಸ್‌ಆ್ಯಪ್‌ನಿಂದ ನಕಲು ಮಾಡಿ ಅಂಟಿಸುವಾಗ ಕೊನೆಯಲ್ಲೊಂದು ಖಾಲಿ ಜಾಗ ಸೇರಿಕೊಂಡಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಹ್ಯಾಶ್‌ಗೆ ಅದೂ ಒಂದು ಅಕ್ಷರವೇ. ಕನ್ನಡ ಲಿಪಿಯಲ್ಲಿ ಪಾಸ್‌ವರ್ಡ್ ಇಟ್ಟ ಅಭಿಮಾನಿಗಳೂ ನಮ್ಮಲ್ಲಿದ್ದಾರೆ. ಅವರಿಗೆ ಇನ್ನೊಂದು ತೊಡಕಿದೆ. ಕಂಪ್ಯೂಟರ್‌ಗಳು ಅಕ್ಷರಗಳನ್ನು ಸಂಕೇತವಾಗಿ ಬರೆದಿಡುವ ಯೂನಿಕೋಡ್‌ನಲ್ಲಿ 'ಕೊ' ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಒಂದು ಕೀಬೋರ್ಡ್ ಮೊದಲ ಬಗೆಯಲ್ಲೂ ಇನ್ನೊಂದು ಎರಡನೆಯ ಬಗೆಯಲ್ಲೂ ಕಳಿಸಿದರೆ, ಜಾಲತಾಣ ಅವೆರಡನ್ನೂ ಒಂದೇ ರೂಪಕ್ಕೆ ತರುವ ಏರ್ಪಾಡು ಮಾಡಿಕೊಂಡಿರದಿದ್ದಲ್ಲಿ, ಹ್ಯಾಶ್ ಬೇರೆಯಾಗುತ್ತದೆ. ಮನೆಯ ಕಂಪ್ಯೂಟರ್‌ನಲ್ಲಿ ತೆರೆಯುವ ಖಾತೆ ಫೋನಿನಲ್ಲಿ ತೆರೆಯದಿದ್ದರೆ ಇದೂ ಕಾರಣವಿರಬಹುದು. ಕನ್ನಡದ ಪದಗಳೇ ಇರಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ ಎಂಬುದು ನನ್ನ ಸಲಹೆ.

ಲಿಂಕ್ ಎಂಬ ಚೀಟಿ

"ಪಾಸ್‌ವರ್ಡ್ ಮರೆತಿರಾ?" ಎಂಬುದನ್ನು ಒತ್ತಿ ಇಮೇಲ್ ವಿಳಾಸ ಕೊಟ್ಟಾಗ ಜಾಲತಾಣ ಊಹಿಸಲಾಗದ ಒಂದು ಉದ್ದನೆಯ ಸಂಕೇತವನ್ನು ಹುಟ್ಟಿಸುತ್ತದೆ, ಅದನ್ನು ಲಿಂಕ್‌ನೊಳಗೆ ಸೇರಿಸಿ ಖಾತೆಯಲ್ಲಿ ದಾಖಲಾದ ವಿಳಾಸಕ್ಕೆ ಕಳಿಸುತ್ತದೆ. ಇಲ್ಲಿರುವ ತರ್ಕ ಸರಳ: ಆ ಅಂಚೆಪೆಟ್ಟಿಗೆಯನ್ನು ತೆರೆಯಬಲ್ಲವರೇ ಖಾತೆಯ ಒಡೆಯರು. ಲಿಂಕ್ ಒತ್ತಿದರೆ ಹೊಸ ಪಾಸ್‌ವರ್ಡ್ ಬರೆಯುವ ಪುಟ ಬರುತ್ತದೆ. ಒಮ್ಮೆ ಬಳಸಿದ ಲಿಂಕ್ ಮತ್ತೆ ಕೆಲಸಕ್ಕೆ ಬಾರದು, ಗಡುವು ದಾಟಿದರೂ ಬಾರದು. ವರ್ಡ್‌ಪ್ರೆಸ್‌ನಲ್ಲಿ ಸಾಮಾನ್ಯವಾಗಿ ಆ ಗಡುವು ಒಂದು ದಿನ.

ಸದಸ್ಯರು ಎಡವುವುದು ಹೆಚ್ಚಾಗಿ ಇಲ್ಲಿ. ಒಮ್ಮೆ ಒತ್ತುತ್ತಾರೆ, ಇಮೇಲ್ ಬರಲಿಲ್ಲವೆಂದು ಮತ್ತೆ ಒತ್ತುತ್ತಾರೆ, ಮತ್ತೂ ಒತ್ತುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮೂರೂ ಬಂದು ಬೀಳುತ್ತವೆ. ಅವರು ಮೊದಲು ಬಂದದ್ದನ್ನು ತೆರೆಯುತ್ತಾರೆ, "ಲಿಂಕ್ ಅಮಾನ್ಯ" ಎಂಬ ಉತ್ತರ ನೋಡಿ ನನಗೆ ಫೋನ್ ಮಾಡುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಹೊಸ ಸಂಕೇತ ಹುಟ್ಟಿದಾಗ ಹಳೆಯದು ಅಳಿಸಿಹೋಗುತ್ತದೆ. ನಡೆಯುವುದು ಕೊನೆಯದು ಮಾತ್ರ. ಹಾಗಾಗಿ ನನ್ನ ಮೊದಲ ಮಾತು: ಒಮ್ಮೆ ಮಾತ್ರ ಒತ್ತಿ, ಕಾಲು ಗಂಟೆ ಕಾಯಿರಿ, ಈಗಾಗಲೇ ಹಲವು ಸಲ ಒತ್ತಿದ್ದರೆ ಎಲ್ಲಕ್ಕಿಂತ ಕೊನೆಗೆ ಬಂದ ಇಮೇಲ್ ತೆರೆಯಿರಿ. ದುಬೈಯಲ್ಲಿ ಪಾಳಿ ಕೆಲಸ ಮಾಡುವ ಸದಸ್ಯರಿಗೆ ಇನ್ನೊಂದು ಮಾತು ಸೇರಿಸುತ್ತೇನೆ: ಬಿಡುವಾಗಿ ಕುಳಿತಾಗ ಕೇಳಿ, ಇಲ್ಲವಾದರೆ ರಜೆಯ ದಿನ ತೆರೆಯುವ ಹೊತ್ತಿಗೆ ಲಿಂಕ್‌ನ ಆಯುಷ್ಯ ಮುಗಿದಿರುತ್ತದೆ.

"ಈ ವಿಳಾಸದಲ್ಲಿ ಖಾತೆ ಇದ್ದರೆ ಇಮೇಲ್ ಕಳಿಸಲಾಗಿದೆ" ಎಂಬ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ ಕೂಡ ಹಲವರನ್ನು ಕೆರಳಿಸುತ್ತದೆ. ಇದೆ ಅಥವಾ ಇಲ್ಲ ಎಂದು ನೇರವಾಗಿ ಹೇಳಬಾರದೇ? ಹೇಳಿದರೆ ಯಾರು ಬೇಕಾದರೂ ವಿಳಾಸಗಳನ್ನು ಒಂದೊಂದಾಗಿ ಹಾಕಿ ನಮ್ಮ ಸದಸ್ಯರು ಯಾರು ಯಾರು ಎಂಬ ಪಟ್ಟಿ ಮಾಡಿಕೊಳ್ಳಬಹುದು. ಆಮೇಲೆ ಆ ಪಟ್ಟಿಗೆ ಕ್ಲಬ್‌ನ ಹೆಸರಿನಲ್ಲೇ ಮೋಸದ ಇಮೇಲ್ ಕಳಿಸಬಹುದು. ಆದ್ದರಿಂದ ಆ ಅಸ್ಪಷ್ಟತೆಯನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಇಮೇಲ್ ಬರಲೇ ಇಲ್ಲ ಎಂದಾದರೆ ತಪ್ಪು ಹೆಚ್ಚಾಗಿ ನಮ್ಮ ಕಡೆಯದೇ. ಅಗ್ಗದ ಸರ್ವರ್‌ನಿಂದ ಗುರುತುಪತ್ರವಿಲ್ಲದೆ ಹೊರಡುವ ಇಮೇಲನ್ನು ದೊಡ್ಡ ಸೇವೆಗಳು ನಂಬುವುದಿಲ್ಲ. ಎಸ್‌ಪಿಎಫ್ ಎಂಬ ದಾಖಲೆ "ನಮ್ಮ ಹೆಸರಿನಲ್ಲಿ ಇಮೇಲ್ ಕಳಿಸಲು ಈ ಸರ್ವರ್‌ಗಳಿಗೆ ಮಾತ್ರ ಅನುಮತಿ" ಎಂದು ಸಾರುತ್ತದೆ. ಡಿಕಿಮ್ ಎಂಬುದು ಪ್ರತಿ ಇಮೇಲ್‌ಗೂ ಡಿಜಿಟಲ್ ಸಹಿ ಹಾಕುತ್ತದೆ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಇವೆರಡನ್ನೂ ಡೊಮೇನ್ (ಜಾಲತಾಣದ ಹೆಸರು) ವ್ಯವಸ್ಥೆಯಲ್ಲಿ ಒಮ್ಮೆ ಸರಿಪಡಿಸಿದರೆ ಫೋನ್ ಕರೆಗಳು ಎದ್ದು ಕಾಣುವಷ್ಟು ಕಡಿಮೆಯಾಗುತ್ತವೆ. ಸದಸ್ಯರಿಗೆ ಸ್ಪ್ಯಾಮ್ ನೋಡಿ ಎಂದು ಹೇಳುವ ಮೊದಲು ಮಾಡಬೇಕಾದ ಕೆಲಸ ಇದು.

ಯಾವ ಇಮೇಲ್?

ಪಾಸ್‌ವರ್ಡ್ ಮರೆತವರಿಗಿಂತ ಇಮೇಲ್ ಮರೆತವರ ಕಷ್ಟ ದೊಡ್ಡದು. ಖಾತೆಯನ್ನು ಮಾಡಿಕೊಟ್ಟವನು ಮಗ, ಅವನು ತನ್ನದೇ ವಿಳಾಸ ಹಾಕಿರುತ್ತಾನೆ. ಇಲ್ಲವೇ ಸೈಬರ್ ಅಂಗಡಿಯವರು ಅವಸರದಲ್ಲಿ ಒಂದು ಹೊಸ ಜಿಮೇಲ್ ಸೃಷ್ಟಿಸಿ ಕೊಟ್ಟಿರುತ್ತಾರೆ. ಗೂಗಲ್ 2023ರಲ್ಲಿ ಪ್ರಕಟಿಸಿದ ನೀತಿಯಂತೆ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸಬಹುದು. ಹಾಗೆ ಅಳಿಸಿದ ಅಂಚೆಪೆಟ್ಟಿಗೆಗೆ ಕಳಿಸಿದ ಲಿಂಕ್ ಯಾರಿಗೂ ತಲುಪದು.

ನಮ್ಮ ಕರಾವಳಿಗೆ ವಿಶೇಷವಾದ ಇನ್ನೊಂದು ಸಂಗತಿಯಿದೆ. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. ಕ್ಲಬ್‌ನಲ್ಲಿ ನಿವೃತ್ತ ಬ್ಯಾಂಕ್ ನೌಕರರು ಬಹಳ ಮಂದಿ, ಅವರಲ್ಲಿ ಕೆಲವರು ಸದಸ್ಯರಾದಾಗ ಕೊಟ್ಟದ್ದು ಕಚೇರಿಯ ಇಮೇಲ್. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಅದರ ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ವಿಲೀನವಾದವು. ಬ್ಯಾಂಕಿನ ಹೆಸರೇ ಇಲ್ಲವಾದ ಮೇಲೆ ಆ ಹೆಸರಿನ ವಿಳಾಸವನ್ನು ನೆಚ್ಚಿಕೊಳ್ಳುವುದು ಹೇಗೆ? ಬ್ಯಾಂಕ್ ಉಳಿದಿದ್ದರೂ ನಿವೃತ್ತರಾದವರಿಗೆ ಕಚೇರಿಯ ಅಂಚೆಪೆಟ್ಟಿಗೆ ತೆರೆಯುವ ಹಕ್ಕಿರುವುದಿಲ್ಲ. ಹೀಗಾಗಿ ಕಚೇರಿಯ ವಿಳಾಸವನ್ನು ಸದಸ್ಯತ್ವಕ್ಕೆ ಕೊಡಬೇಡಿ ಎಂದು ಅರ್ಜಿಯಲ್ಲೇ ಮುದ್ರಿಸಬೇಕು.

ಮೊಬೈಲ್ ಸಂಖ್ಯೆಯ ಕಥೆಯೂ ಇದೇ. ಮಸ್ಕತ್ತಿಗೋ ಕುವೈತಿಗೋ ಹೋದವರು ಊರಿನ ಸಿಮ್‌ಗೆ ಹಣ ತುಂಬುವುದನ್ನು ಬಿಡುತ್ತಾರೆ, ಸಂಖ್ಯೆ ಸ್ಥಗಿತವಾಗುತ್ತದೆ. ಸ್ಥಗಿತಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನ ಹೊಸಬರಿಗೆ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅಂದರೆ ಆ ಅವಧಿ ಕಳೆದ ಮೇಲೆ ಅದೇ ಸಂಖ್ಯೆ ಬೇರೊಬ್ಬರ ಕೈಗೆ ಹೋಗಬಹುದು. ಆಗ ನಮ್ಮ ಜಾಲತಾಣ ಕಳಿಸುವ ಒಟಿಪಿ ಓದುವವರು ಯಾರೋ ಅಪರಿಚಿತರು. ಒಟಿಪಿ ತಲುಪಿತು ಎಂದ ಮಾತ್ರಕ್ಕೆ ಸರಿಯಾದ ವ್ಯಕ್ತಿಗೆ ತಲುಪಿತು ಎಂದಾಗುವುದಿಲ್ಲ.

ಕೇಳುತ್ತಿರುವವರು ಯಾರು?

ಇಮೇಲೂ ಇಲ್ಲ, ಸಂಖ್ಯೆಯೂ ಇಲ್ಲ ಎಂದಾಗ ಕೆಲಸ ಯಂತ್ರದಿಂದ ಮನುಷ್ಯರ ಕೈಗೆ ಬರುತ್ತದೆ. ನಿರ್ವಾಹಕನು ಖಾತೆಯಲ್ಲಿರುವ ಇಮೇಲ್ ವಿಳಾಸವನ್ನೇ ಬದಲಿಸಿ, ಹೊಸ ವಿಳಾಸಕ್ಕೆ ಲಿಂಕ್ ಕಳಿಸಬೇಕು. ಬಿಕ್ರಿಪ್ಟ್, ಸಾಲ್ಟ್, ಗಡುವು ಎಲ್ಲವೂ ಇಲ್ಲಿ ನಿಷ್ಪ್ರಯೋಜಕ. ಸರಿಯಾದ ಮಾತಾಡಿ ನನ್ನನ್ನು ಒಪ್ಪಿಸಿದವರಿಗೆ ಖಾತೆ ಸಿಕ್ಕಿಬಿಡುತ್ತದೆ. ಇಡೀ ವಿಷಯದಲ್ಲಿ ಅತ್ಯಂತ ದುರ್ಬಲವಾದ ಜಾಗ ಇದು, ಏಕೆಂದರೆ ಸಹಾಯ ಮಾಡಬೇಕೆಂಬ ಒಳ್ಳೆಯ ಮನಸ್ಸನ್ನೇ ಮೋಸಗಾರ ಬಳಸಿಕೊಳ್ಳುತ್ತಾನೆ.

ಕ್ಲಬ್‌ನ ಖಾತೆಯಿಂದ ಯಾರಿಗೇನು ಲಾಭ ಎಂದು ಕೇಳುವವರಿದ್ದಾರೆ. ಒಳಗೆ ಎಲ್ಲ ಸದಸ್ಯರ ದೂರವಾಣಿ ಪಟ್ಟಿ ಇದೆ, ಯಾರು ಎಲ್ಲಿದ್ದಾರೆ ಎಂಬ ವಿವರವಿದೆ. ಮುಂಬೈ, ಗಲ್ಫ್‌ನಲ್ಲಿರುವ ಮಕ್ಕಳ ತಂದೆತಾಯಿ ಊರಿನಲ್ಲಿ ಇಬ್ಬರೇ ಇರುತ್ತಾರೆ. "ನಾನು ಕ್ಲಬ್‌ನ ಇಂಥವರು, ಆಸ್ಪತ್ರೆಯಲ್ಲಿದ್ದೇನೆ, ಸ್ವಲ್ಪ ಹಣ ಕಳಿಸಿ" ಎಂಬ ಒಂದು ಸಂದೇಶ ಪರಿಚಿತ ಹೆಸರಿನಿಂದ ಬಂದರೆ ಅವರು ನಂಬುತ್ತಾರೆ. ಆ ನಂಬಿಕೆಯನ್ನು ಕಾಪಾಡುವುದು ನನ್ನ ಕೆಲಸ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಬಹುಮಂದಿಗೆ ಮೊದಲು ಹೊಳೆಯುವುದು ಗುಟ್ಟಿನ ಪ್ರಶ್ನೆ: ಹುಟ್ಟಿದ ದಿನ, ತಾಯಿಯ ಹೆಸರು, ಹುಟ್ಟೂರು. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಖಾತೆಯನ್ನು ಒಬ್ಬ ವಿದ್ಯಾರ್ಥಿ ಹೀಗೆಯೇ ತೆರೆದ. ಹುಟ್ಟಿದ ದಿನ, ಊರಿನ ಅಂಚೆ ಸಂಕೇತ, ಗಂಡನನ್ನು ಮೊದಲು ಭೇಟಿಯಾದದ್ದು ಎಲ್ಲಿ ಎಂಬ ಮೂರೂ ಉತ್ತರಗಳು ಅಂತರ್ಜಾಲದಲ್ಲೇ ಸಿಕ್ಕಿದ್ದವು. ಅಷ್ಟು ದೊಡ್ಡ ವ್ಯಕ್ತಿಗೆ ಮಾತ್ರ ಹಾಗಾಗುತ್ತದೆ ಎಂದುಕೊಳ್ಳಬೇಡಿ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿಯೊಬ್ಬರ ಹುಟ್ಟುಹಬ್ಬಕ್ಕೂ ಶುಭಾಶಯದ ಮಳೆ ಸುರಿಯುತ್ತದೆ. ಮದುವೆಯ ವಾರ್ಷಿಕೋತ್ಸವಕ್ಕೆ ಫೋಟೊ ಬರುತ್ತದೆ. ಇನ್ನು ಮನೆಯ ಹೆಸರು, ಮೂಲದ ಊರು, ಯಾರ ಸಂಬಂಧಿ ಎಂಬುದೆಲ್ಲ ನಮ್ಮ ಜಿಲ್ಲೆಯಲ್ಲಿ ಪರಿಚಯದ ಮೊದಲ ಐದು ನಿಮಿಷದ ಮಾತುಕತೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಕೂಡ 2017ರ ತನ್ನ ಮಾರ್ಗಸೂಚಿಯಲ್ಲಿ ಇಂಥ ಪ್ರಶ್ನೆಗಳನ್ನು ಕೈಬಿಡಲು ಹೇಳಿದೆ.

ಗುಟ್ಟಿನ ಪ್ರಶ್ನೆ ಮೋಸಗಾರನನ್ನು ಒಳಗೆ ಬಿಡುವುದಷ್ಟೇ ಅಲ್ಲ, ನಿಜವಾದ ಸದಸ್ಯರನ್ನು ಹೊರಗೂ ನಿಲ್ಲಿಸುತ್ತದೆ. ನಮ್ಮ ನಗರದ ಹೆಸರು ಇಂಗ್ಲಿಷಿನಲ್ಲಿಯೂ ಅಧಿಕೃತವಾಗಿ ಮಂಗಳೂರು ಎಂದಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲು ಖಾತೆ ತೆರೆದವರು ಹುಟ್ಟೂರಿಗೆ ಮ್ಯಾಂಗಲೋರ್ ಎಂದು ಬರೆದಿರುತ್ತಾರೆ, ಈಗ ಕೇಳಿದರೆ ಮಂಗಳೂರು ಎಂದು ಬರೆಯುತ್ತಾರೆ, ಯಂತ್ರ ಒಪ್ಪುವುದಿಲ್ಲ. ಶೆಣೈ, ಕಾಮತ್, ಪೂಜಾರಿ, ಆಚಾರ್ಯ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂದು ಲೆಕ್ಕ ಹಾಕಿ ನೋಡಿ.

ನಾವು ಪಾಲಿಸುವ ಕ್ರಮ ಬೇರೆ. ಬಂದ ಕರೆಯನ್ನು ನಂಬುವುದಿಲ್ಲ, ನಾವೇ ತಿರುಗಿ ಕರೆ ಮಾಡುತ್ತೇವೆ. ಅದೂ ಅವರು ಈಗ ಕೊಟ್ಟ ಸಂಖ್ಯೆಗಲ್ಲ, ಸದಸ್ಯತ್ವದ ಪುಸ್ತಕದಲ್ಲಿ ಮೊದಲೇ ಇದ್ದ ಸಂಖ್ಯೆಗೆ. ಆ ಸಂಖ್ಯೆ ಸ್ಥಗಿತವಾಗಿದ್ದರೆ ಅವರನ್ನು ಖುದ್ದಾಗಿ ಬಲ್ಲ ಇಬ್ಬರು ಸದಸ್ಯರನ್ನು ನಾವೇ ಆರಿಸಿ, ತಮ್ಮಲ್ಲಿರುವ ದಾರಿಯಿಂದ ಅವರನ್ನು ಸಂಪರ್ಕಿಸಿ ನೋಡಲು ಹೇಳುತ್ತೇವೆ. ಆರಿಸುವವರು ನಾವೇ ಎಂಬುದು ಮುಖ್ಯ. ಕೇಳುವವರೇ ಸಾಕ್ಷಿಯನ್ನೂ ಕರೆತಂದರೆ ಆ ಸಾಕ್ಷಿಗೆ ಬೆಲೆಯಿಲ್ಲ. ದನಿ ಕೇಳಿ ಗುರುತಿಸಿದೆ ಎಂಬುದನ್ನು ಈಗ ಸಾಕೆಂದು ಹೇಳುವಂತಿಲ್ಲ. ಕೆಲವು ಸೆಕೆಂಡುಗಳ ಧ್ವನಿಮುದ್ರಣದಿಂದ ಒಬ್ಬರ ದನಿಯನ್ನು ಅನುಕರಿಸುವ ತಂತ್ರಾಂಶಗಳು ಬಂದಿವೆ, ನಮ್ಮ ಅರ್ಥಧಾರಿಗಳ ದನಿಯಂತೂ ಗಂಟೆಗಟ್ಟಲೆ ಯೂಟ್ಯೂಬ್‌ನಲ್ಲಿದೆ. ಮಂಗಳೂರು, ಉಡುಪಿಯಲ್ಲೇ ಇರುವವರಾದರೆ ಮುಂದಿನ ಕೂಟಕ್ಕೆ ಬನ್ನಿ, ಅಲ್ಲೇ ಮಾಡಿಕೊಡುತ್ತೇನೆ ಎನ್ನುತ್ತೇನೆ. ಮುಖ ಕಂಡು ಮಾಡಿದ ಕೆಲಸದಷ್ಟು ನಿಶ್ಚಿಂತೆ ಇನ್ನೊಂದಿಲ್ಲ.

ಒಪ್ಪಿಗೆಯಾದ ಮೇಲೂ ತಕ್ಷಣ ಬದಲಿಸುವುದಿಲ್ಲ. "ನಿಮ್ಮ ಖಾತೆಯ ವಿಳಾಸ ಬದಲಿಸಲು ಕೋರಿಕೆ ಬಂದಿದೆ, ಕೋರಿದವರು ನೀವಲ್ಲದಿದ್ದರೆ ತಿಳಿಸಿ" ಎಂದು ಹಳೆಯ ವಿಳಾಸಕ್ಕೆ ಬರೆದು ಎರಡು ದಿನ ಕಾಯುತ್ತೇವೆ. ಅವಸರ ಮಾಡುವವರ ಮೇಲೆ ನನಗೆ ಸಂಶಯ ಹೆಚ್ಚು. ತಾಳಮದ್ದಲೆಯ ಧ್ವನಿಮುದ್ರಿಕೆ ಎರಡು ದಿನ ತಡವಾಗಿ ಕೇಳಿದರೆ ಯಾರಿಗೂ ನಷ್ಟವಿಲ್ಲ.

ತೀರಿಕೊಂಡ ಸದಸ್ಯರ ಮನೆಯವರು ಲಾಗಿನ್ ಕೇಳಿ ಬರುವುದುಂಟು. ತಂದೆಯ ಅರ್ಥಗಾರಿಕೆ ಕೇಳಬೇಕು, ಅವರು ಏರಿಸಿದ ಫೋಟೊಗಳು ಬೇಕು ಎನ್ನುತ್ತಾರೆ. ಇಂಥ ಕರೆಗಳ ಮುಂದೆ ನಿಯಮ ಹೇಳಲು ಬಾಯಿ ಬರುವುದಿಲ್ಲ. ಆದರೂ ನಾವು ಲಾಗಿನ್ ಕೊಡುವುದಿಲ್ಲ. ಅದರೊಳಗೆ ಅವರು ಇತರ ಸದಸ್ಯರೊಂದಿಗೆ ಮಾಡಿದ ಖಾಸಗಿ ಪತ್ರವ್ಯವಹಾರವೂ ಇರುತ್ತದೆ. ಅದರ ಬದಲು ಧ್ವನಿಮುದ್ರಿಕೆ, ಫೋಟೊಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿ ಮನೆಗೆ ತಲುಪಿಸುತ್ತೇವೆ, ಖಾತೆಯನ್ನು ಗೌರವದಿಂದ ಮುಚ್ಚುತ್ತೇವೆ. ಮನೆಯವರಿಗೆ ಬೇಕಾಗಿರುವುದೂ ಅದೇ ಆಗಿರುತ್ತದೆ.

ಮಾಡಬಾರದ್ದು

ತಾತ್ಕಾಲಿಕ ಪಾಸ್‌ವರ್ಡ್ ಎಂದು ಎಲ್ಲರಿಗೂ ಒಂದೇ ಪದವನ್ನು ಇಟ್ಟು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಪದ್ಧತಿ ಹಲವು ಸಂಘಗಳಲ್ಲಿದೆ. ದಯವಿಟ್ಟು ನಿಲ್ಲಿಸಿ. ತಾತ್ಕಾಲಿಕವಾದದ್ದನ್ನು ಯಾರೂ ಬದಲಿಸುವುದಿಲ್ಲ, ಮುಂದೆ ಅದೇ ಶಾಶ್ವತವಾಗುತ್ತದೆ. ಆ ಪದ ತಿಳಿದ ಯಾರೇ ಆದರೂ ಇನ್ನೊಬ್ಬರ ಖಾತೆಯನ್ನು ತೆರೆಯಬಹುದು. ಸದಸ್ಯರ ಪಾಸ್‌ವರ್ಡ್‌ಗಳನ್ನು ಪುಸ್ತಕದಲ್ಲಿ ಬರೆದಿಡುವ ಕಾರ್ಯದರ್ಶಿಗಳ ಕಳಕಳಿ ದೊಡ್ಡದು, ಆದರೆ ಆ ಪುಸ್ತಕ ಎಂಐಟಿಯ ಆ ಕಡತದಷ್ಟೇ ಅಪಾಯಕಾರಿ.

ಒಟಿಪಿಯನ್ನಂತೂ ಯಾವ ಕಾರಣಕ್ಕೂ ಕೇಳಬಾರದು. ಒಮ್ಮೆ ಕ್ಲಬ್‌ನವರು ಕೇಳಿ ಪಡೆದರೆ, ಫೋನಿನಲ್ಲಿ ಒಟಿಪಿ ಹೇಳುವುದು ಸಹಜ ಎಂಬ ಪಾಠವನ್ನು ಆ ಹಿರಿಯರಿಗೆ ನಾವೇ ಕಲಿಸಿದ ಹಾಗಾಗುತ್ತದೆ. ನಾಳೆ ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದಾಗ ಅವರು ಅದೇ ಪಾಠವನ್ನು ಪಾಲಿಸುತ್ತಾರೆ. ಹಾಗೆ ಹಣ ಹೋದದ್ದೇ ಆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ವಂಚಕರು ಹಣವನ್ನು ಮುಂದಕ್ಕೆ ಸಾಗಿಸುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ.

ನಿರ್ವಾಹಕನ ಲಾಗಿನ್ನೇ ಕಳೆದುಹೋದರೆ? ಜಾಲತಾಣಕ್ಕೆ ಕನಿಷ್ಠ ಇಬ್ಬರು ನಿರ್ವಾಹಕರಿರಲಿ, ಒಂದೇ ಮನೆಯವರಾಗಿರದಿರಲಿ. ಡೊಮೇನ್ ನೋಂದಣಿ ಯಾರೋ ಒಬ್ಬರ ಸ್ವಂತ ಇಮೇಲ್‌ನಲ್ಲಿ ಇರದೆ ಕ್ಲಬ್‌ನ ಹೆಸರಿನ ಇಮೇಲ್‌ನಲ್ಲಿ ಇರಲಿ. ಎರಡು ಹಂತದ ಪರಿಶೀಲನೆ ಹಾಕುವಾಗ ಸಿಗುವ ಮರುಪ್ರಾಪ್ತಿ ಸಂಕೇತಗಳನ್ನು ಮುದ್ರಿಸಿ, ಲಕೋಟೆಗೆ ಹಾಕಿ ಮೊಹರು ಮಾಡಿ, ಕೋಶಾಧಿಕಾರಿಯ ಕಪಾಟಿನಲ್ಲಿಡಬೇಕು.

ಒಳಗೆ ಬಂದ ಮೇಲೆ

ಹೊಸ ಪಾಸ್‌ವರ್ಡ್ ಬರೆಯುವ ಪುಟ ತೆರೆದಾಗ ಸದಸ್ಯರು ತಡವರಿಸುತ್ತಾರೆ. ದೊಡ್ಡಕ್ಷರ, ಅಂಕಿ, ಚಿಹ್ನೆಗಳ ಕಸರತ್ತಿಗಿಂತ ಉದ್ದ ಮುಖ್ಯ ಎಂದು ನಾನು ಹೇಳುತ್ತೇನೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಿಗೆ ಬರೆದರೆ ಸಾಕು. ಪ್ರಸಿದ್ಧ ಪ್ರಸಂಗದ ಹೆಸರೋ ಪದ್ಯದ ಮೊದಲ ಸಾಲೋ ಬೇಡ, ಅದನ್ನು ಇನ್ನೊಬ್ಬ ಯಕ್ಷಗಾನ ಪ್ರೇಮಿಯೂ ಊಹಿಸಬಲ್ಲ. ಬ್ಯಾಂಕಿನ ಪಾಸ್‌ವರ್ಡನ್ನು ಇಲ್ಲಿ ಬಳಸಲೇಬಾರದು. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ಹಳೆಯ ಉಪದೇಶವನ್ನು ನಿಸ್ಟ್ 2017ರಲ್ಲೇ ಕೈಬಿಟ್ಟಿದೆ. ಹಾಗೆ ಬದಲಿಸುವವರು ಕೊನೆಯ ಅಂಕಿಯನ್ನಷ್ಟೇ ಹೆಚ್ಚಿಸುತ್ತಾರೆ. ಹಿರಿಯರು ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದು ಮನೆಯ ಕಪಾಟಿನೊ‌ಳಗೆ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಅಂತರ್ಜಾಲದ ಕಳ್ಳ ಕದ್ರಿಯ ಮನೆಯೊಂದರ ಕಪಾಟಿಗೆ ಕೈ ಹಾಕುವುದಿಲ್ಲ. ಅದನ್ನು ಫೋಟೊ ತೆಗೆದು ಫೋನಿನಲ್ಲಿ ಇಡಬಾರದು ಅಷ್ಟೆ.

ಪಾಸ್‌ವರ್ಡೇ ಬೇಡವಾಗುವ ಪಾಸ್‌ಕೀ ಎಂಬ ವ್ಯವಸ್ಥೆಯೂ ಬಂದಿದೆ. ಗೂಗಲ್ ತನ್ನ ಖಾತೆಗಳಿಗೆ ಅದನ್ನು 2023ರಲ್ಲಿ ತಂದಿತು. ಫೋನ್ ತನ್ನೊಳಗೆ ಒಂದು ಗುಪ್ತ ಸಂಕೇತ ಇಟ್ಟುಕೊಂಡು, ಬೆರಳಚ್ಚು ಪಡೆದು, ಜಾಲತಾಣಕ್ಕೆ ತಾನೇ ಉತ್ತರಿಸುತ್ತದೆ. ಸರ್ವರ್‌ನಲ್ಲಿ ಕದಿಯಲು ಯೋಗ್ಯವಾದದ್ದೇನೂ ಇರುವುದಿಲ್ಲ. ಸಣ್ಣ ಕ್ಲಬ್‌ಗಳ ಜಾಲತಾಣಗಳಿಗೆ ಅದು ಬರಲು ಸ್ವಲ್ಪ ಸಮಯ ಬೇಕು. ಫೋನ್ ಕಳೆದುಹೋದಾಗ ಸದಸ್ಯರ ಗುರುತು ಹಿಡಿಯುವ ಕೆಲಸ ಆಗಲೂ ತಪ್ಪುವುದಿಲ್ಲ.

ಅದಕ್ಕಾಗಿ ಸದಸ್ಯತ್ವದ ಪುಸ್ತಕ ತಾಜಾ ಇರಬೇಕು. ವಾರ್ಷಿಕ ಮಹಾಸಭೆಯ ದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವ ಮೇಜಿನಲ್ಲೇ ಇನ್ನೊಂದು ಹಾಳೆ ಇಡಿ. ಪ್ರತಿಯೊಬ್ಬರೂ ತಮ್ಮ ಈಗಿನ ಇಮೇಲ್, ಮೊಬೈಲ್ ಸಂಖ್ಯೆ, ಮನೆಯಲ್ಲಿ ಇನ್ನೊಬ್ಬರ ಸಂಖ್ಯೆಯನ್ನು ತಮ್ಮ ಕೈಯಾರೆ ಬರೆಯಲಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದಂತೆ ಒಬ್ಬೊಬ್ಬರಿಗೆ ಒಂದೊಂದು ಚೀಟಿಯಾದರೆ ಇನ್ನೂ ಒಳ್ಳೆಯದು. ಪರವೂರಿನಲ್ಲಿರುವವರಿಗೆ ಅದೇ ವಾರ ಕರೆ ಮಾಡಿ ಕೇಳಿ ಬರೆದುಕೊಳ್ಳಿ.